ಎಸ್ ಸಾರ್: ಕ್ಲಾಸಿಗೆ ಬರುವುದು ಯಾರ ಆಯ್ಕೆ?

ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಕೆಲವು ಪೋಷಕರ ಮುಂದೆ ಆಡಿದ ಮಾತು ಇದು. ಬರೆದುಕೊಡಿ ಎಂದು ಅಲ್ಲಿನ ಗೆಳೆಯರು ಕೇಳಿದರು. ಬರೆಯುವಾಗ ಅಲ್ಲಲ್ಲಿ ಮಾತು ಸರಿಮಾಡಿದ್ದೇನೆ. ದಾರಿ ತಪ್ಪಿದ್ದನ್ನೆಲ್ಲ ತಿದ್ದಲು ಹೋಗಿಲ್ಲ.

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಇಬ್ಬರು ಹುಡುಗರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. "ಎರಡು ಪೀರಿಯಡ್ ಅಟೆಂಡೆನ್ಸ್ ಕೊಡ್ತಾರಂತೆ ಕಣೋ. ಕೂತ್ಕೊಂಡ್ ಹೋಗಣ." ಪ್ರಾಂಶುಪಾಲರನ್ನು ಕೇಳಿದೆ. ಹೌದು ಎಂದು ನಕ್ಕರು. ನೋಡಿ, ಕ್ಲಾಸಿಗೆ ಬರುವುದು ಕಡ್ಡಾಯ ಇರಬೇಕಾ ಬೇಡವಾ ಎನ್ನುವ ಭಾಷಣಕ್ಕೇ ಬರುವುದು ಕಡ್ಡಾಯ! ಅದಕ್ಕೆ ನನ್ನದೊಂದು ಕೋರಿಕೆ. ಸಹಿ ಹಾಳೆಯನ್ನು ಕೊನೆಯಲ್ಲಿ ಬೇಡ, ಈಗಲೇ ಕಳಿಸಿ. ಸಹಿ ಹಾಕಿದ ಮೇಲೆ ಹೋಗುವವರು ಹೋಗಬಹುದು. ನನಗೆ ಬೇಜಾರಿಲ್ಲ.

(ಹಾಳೆ ಒಂದು ಸುತ್ತು ಬಂತು. ಏಳು ಜನ ಎದ್ದು ಹೋದರು. ಅವರಲ್ಲೊಬ್ಬ ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೂತ. ಫ್ಯಾನ್ ಕೆಳಗಿನ ಜಾಗ ಖಾಲಿಯಾಗಿತ್ತು.)

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಅರ್ಥಶಾಸ್ತ್ರ ಪಾಠ ಮಾಡಿದವನು. ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೇ ತಲೆ ನೆರೆಸಿಕೊಂಡವನು. ಆದರೆ ಅದಕ್ಕೂ ಮೊದಲು ಅದೇ ಪುಸ್ತಕದಿಂದ ಏಟು ತಿಂದಿದ್ದೇನೆ. ಅಲ್ಲಿಂದಲೇ ಶುರುಮಾಡುತ್ತೇನೆ.

ನಾನು ಬಿ.ಎ. ಓದಿದ್ದು ಇದೇ ಊರಿನಲ್ಲಿ, 1980ರ ದಶಕದಲ್ಲಿ. ಆಗ ತುಮಕೂರು ವಿಶ್ವವಿದ್ಯಾಲಯ ಇರಲಿಲ್ಲ. ಅದು ಬಂದದ್ದು 2004ರಲ್ಲಿ. ನಮ್ಮ ಕಾಲೇಜುಗಳೆಲ್ಲ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾದರೂ 70 ಕಿಲೋಮೀಟರ್ ದೂರ ಹೋಗಬೇಕಿತ್ತು. ನಾನು ತೆಗೆದುಕೊಂಡದ್ದು ಎಚ್‌ಇಪಿ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ತೆಗೆದುಕೊಂಡೆ ಅನ್ನುವುದು ಸುಮ್ನೆ ಮಾತಿಗೆ. ಅಪ್ಲಿಕೇಶನ್ ತುಂಬಿದ ಗುಮಾಸ್ತರು "ಎಚ್‌ಇಪಿ ಹಾಕ್ಲಾ?" ಅಂದರು, ನಾನು ತಲೆ ಆಡಿಸಿದೆ. ಅಷ್ಟೇ ನನ್ನ ಆಯ್ಕೆ.

ಒಬ್ಬ ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು. ಬರೆಸುವುದು ಅಂದರೆ ಪೂರ್ತಿ ಬರೆಸುವುದು. "ಕಾಮಾ... ಫುಲ್‌ಸ್ಟಾಪ್... ನೆಕ್ಸ್ಟ್ ಪ್ಯಾರಾ" ಎಲ್ಲವನ್ನೂ ಹೇಳುತ್ತಿದ್ದರು. ಹಿಂದಿನ ವರ್ಷದ ಸೀನಿಯರ್‌ನ ನೋಟ್‌ಬುಕ್ ಇಟ್ಟುಕೊಂಡು ಕೂತರೆ ಅವರು ಎಲ್ಲಿ ಕೆಮ್ಮುತ್ತಾರೆ ಅನ್ನುವುದೂ ಗೊತ್ತಾಗುತ್ತಿತ್ತು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಐಚ್ಛಿಕ ಕನ್ನಡದ ಕ್ಲಾಸು ನಡೆಯುತ್ತಿತ್ತು. ಅಲ್ಲಿನ ಮೇಷ್ಟ್ರು ಹಳಗನ್ನಡದ ಪದ್ಯ ಹಾಡಿಯೇ ಹೇಳುವವರು. ಗೋಡೆ ದಾಟಿ ಬರುತ್ತಿತ್ತು ದನಿ. ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ.

"ಯಾರಪ್ಪ ನೀನು?"

"ಎಚ್‌ಇಪಿ ಸಾರ್."

"ಇಲ್ಲೇನ್ ಮಾಡ್ತಿದ್ದೀಯ?"

"ಕೇಳ್ತಿದ್ದೀನಿ ಸಾರ್."

"ಸರಿ, ಕೇಳು" ಎಂದರು. ಆ ವರ್ಷವೆಲ್ಲ ಕೇಳಿದೆ.

ವರ್ಷದ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು. ಅಟೆಂಡೆನ್ಸ್ ಶಾರ್ಟೇಜ್. ಒಂದು ದಿನವೂ ಕಾಲೇಜು ತಪ್ಪಿಸದ ಹುಡುಗನಿಗೆ ಶಾರ್ಟೇಜ್! ನನ್ನ ಹೆಸರಿದ್ದ ಪುಸ್ತಕದ ಕೋಣೆಯಲ್ಲಿ ನಾನಿಲ್ಲ. ನಾನಿದ್ದ ಕೋಣೆಯ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ದಂಡ ಕಟ್ಟಿ, ಅಪ್ಪನನ್ನು ಕರೆಸಿ, ಬರೆದುಕೊಟ್ಟ ಮೇಲೆ ಹಾಲ್ ಟಿಕೆಟ್ ಸಿಕ್ಕಿತು. ಅಪ್ಪ ಬಸ್ ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ. ಆಮೇಲೆ ಒಂದೇ ಕೇಳಿದರು. "ದಿನಾ ಬಸ್ಸಿಗೆ ಅಂತ ಈಸ್ಕೊಂಡು ಎಲ್ಲಿಗೆ ಹೋಗ್ತಿದ್ದೆ?" ಪಕ್ಕದ ರೂಮಿಗೆ ಅಂತ ಹೇಳಿದರೆ ಯಾವ ಅಪ್ಪ ನಂಬುತ್ತಾನೆ ಹೇಳಿ.

ಈಗ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ತಾವು ಕೂರುವ ಕ್ಲಾಸನ್ನು ತಾವೇ ಆರಿಸಿಕೊಳ್ಳಬೇಕಾ? ಇದು ನೋಡಲು ಒಂದು ಪ್ರಶ್ನೆ, ಒಳಗೆ ಎರಡಿವೆ. ಯಾವ ವಿಷಯ ಓದಬೇಕು ಎನ್ನುವುದು ಒಂದು. ತೆಗೆದುಕೊಂಡ ವಿಷಯದ ಕ್ಲಾಸಿಗೆ ದಿನಾ ಹೋಗಬೇಕಾ ಎನ್ನುವುದು ಇನ್ನೊಂದು. ನಮ್ಮಲ್ಲಿ ಮೊದಲನೆಯದರ ಬಗ್ಗೆ ನೀತಿಗಳು ಬರುತ್ತವೆ, ಎರಡನೆಯದಕ್ಕೆ ನೋಟಿಸ್ ಬರುತ್ತದೆ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಆಯ್ಕೆಗೆ ಅವಕಾಶ ಕೊಡುವ ಕ್ರೆಡಿಟ್ ಪದ್ಧತಿ ಬಂದು ಹತ್ತು ವರ್ಷವಾಯಿತು. 2021-22ರಲ್ಲಿ ನಮ್ಮ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ಓಪನ್ ಎಲೆಕ್ಟಿವ್ ಎಂಬ ಹೆಸರಿನಲ್ಲಿ ಬಿ.ಕಾಂ. ಹುಡುಗ ಇತಿಹಾಸ ಓದಬಹುದು, ಬಿ.ಎಸ್‌ಸಿ. ಹುಡುಗಿ ಅರ್ಥಶಾಸ್ತ್ರ ಓದಬಹುದು ಎಂದರು. 2024-25ರಲ್ಲಿ ಅದನ್ನು ಕೈಬಿಟ್ಟು ರಾಜ್ಯದ್ದೇ ವ್ಯವಸ್ಥೆಗೆ, ಮೂರು ವರ್ಷದ ಪದವಿಗೆ ವಾಪಸ್ ಬಂದರು. ಒಂದೇ ಮನೆಯಲ್ಲಿ ಅಕ್ಕ ಒಂದು ನೀತಿಯಲ್ಲಿ ಓದಿದಳು, ತಮ್ಮ ಇನ್ನೊಂದರಲ್ಲಿ ಓದುತ್ತಿದ್ದಾನೆ. ನೀತಿ ಆರಿಸುವ ಅವಕಾಶ ಮಾತ್ರ ಇಬ್ಬರಿಗೂ ಸಿಗಲಿಲ್ಲ.

ಓಪನ್ ಎಲೆಕ್ಟಿವ್ ನನಗೆ ತುಂಬ ಇಷ್ಟವಾಗಿತ್ತು. ಪಕ್ಕದ ಕೋಣೆಗೆ ಹೋಗಿ ಕೂರುವುದಕ್ಕೆ ಕೊನೆಗೂ ಲೈಸೆನ್ಸ್ ಕೊಟ್ಟರಲ್ಲ ಅಂದುಕೊಂಡೆ. ಆದರೆ ತಾಲ್ಲೂಕು ಕಾಲೇಜಿನಲ್ಲಿ ಅದು ನಡೆದದ್ದು ಹೇಗೆ? ಪಟ್ಟಿಯಲ್ಲಿ ಉದ್ದಕ್ಕೆ ಹೆಸರುಗಳಿದ್ದವು. ಪಾಠ ಮಾಡುವವರು ಇದ್ದದ್ದು ಎರಡಕ್ಕೋ ಮೂರಕ್ಕೋ. "ಈ ಸೆಕ್ಷನ್‌ನೋರೆಲ್ಲ ಇದನ್ನೇ ತಗೊಳ್ಳಿ" ಎಂದು ಒಬ್ಬರು ಬಂದು ಹೇಳಿ ಹೋಗುತ್ತಿದ್ದರು. ಆಯ್ಕೆ ಮುಗಿಯಿತು.

ಇಲ್ಲಿ ಒಂದು ಅಡ್ಡ ಮಾತು. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದಿದ್ದೀರಲ್ಲ? ಅಲ್ಲಿ ಆಯ್ಕೆ ಅನ್ನುವುದು ಏನೂ ಇಲ್ಲ. ಎಷ್ಟು ಬೇಕು ಅಂತ ಕೇಳುತ್ತಾರೆ, ಏನು ಬೇಕು ಅಂತ ಕೇಳುವುದಿಲ್ಲ. ಆದರೂ ಬೆಂಗಳೂರಿನಿಂದ ಗಾಡಿ ತಿರುಗಿಸಿಕೊಂಡು ಬಂದು ನಿಂತು ತಿನ್ನುತ್ತಾರೆ. ಯಾರಾದರೂ ಅಲ್ಲಿ ಹಾಜರಿ ಹಾಕುತ್ತಾರಾ? ಇದನ್ನು ಹುಡುಗರಿಗಿಂತ ಜಾಸ್ತಿ ನನ್ನ ಜೊತೆಯ ಮೇಷ್ಟ್ರುಗಳಿಗೆ ಹೇಳುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಕೂತವರು ಕೋಪ ಮಾಡಿಕೊಳ್ಳಬೇಡಿ, ಈ ಮಾತು ನನಗೂ ಸೇರಿದ್ದೇ.

ಈಗ ಎರಡನೆಯದು. 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವ ನಿಯಮ.

ಈ ಹಾಜರಿ ಅನ್ನುವುದು ಎಲ್ಲಿಂದ ಬಂತು? ಗುರುಕುಲದಿಂದ ಅಂತ ಕೆಲವರು ಹೇಳುತ್ತಾರೆ, ಪಾಪ. ನಮ್ಮ ವಿಶ್ವವಿದ್ಯಾಲಯಗಳು ಶುರುವಾದದ್ದು 1857ರಲ್ಲಿ. ಕಲ್ಕತ್ತಾ, ಬಾಂಬೆ, ಮದ್ರಾಸ್. ಲಂಡನ್ ವಿಶ್ವವಿದ್ಯಾಲಯದ ಮಾದರಿ. ತಮಾಷೆ ಏನೆಂದರೆ ಆ ವಿಶ್ವವಿದ್ಯಾಲಯಗಳು ಮೊದಮೊದಲು ಪಾಠವನ್ನೇ ಮಾಡುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದವು, ಪದವಿ ಕೊಡುತ್ತಿದ್ದವು. ಪಾಠ ಕಾಲೇಜಿನ ಕೆಲಸ. ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದ್ರಾಸಿಗೆ ಸೇರಿತ್ತು. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಅಷ್ಟು ದೂರದ ಮದ್ರಾಸಿನವರಿಗೆ ಈ ಹುಡುಗ ಯಾರು ಅಂತ ಗೊತ್ತಿಲ್ಲ. ಹಾಗಾಗಿ "ಇವನು ನಮ್ಮಲ್ಲಿ ಓದಿದ್ದಾನೆ" ಎಂದು ಕಾಲೇಜು ಬರೆದುಕೊಡಬೇಕಿತ್ತು. ನನ್ನ ದೃಷ್ಟಿಯಲ್ಲಿ ಹಾಜರಿ ಇವತ್ತಿಗೂ ಅದೇ. ಒಂದು ಆಫೀಸು ಇನ್ನೊಂದು ಆಫೀಸಿಗೆ ಬರೆಯುವ ಕಾಗದ. ನಡುವೆ ನಿಂತ ಹುಡುಗನನ್ನು ಇಬ್ಬರೂ ಮಾತಾಡಿಸುವುದಿಲ್ಲ.

ಆ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ಒಬ್ಬ ಹುಡುಗನೂ ಇದ್ದ. ವಿಶ್ವೇಶ್ವರಯ್ಯ. 1881ರಲ್ಲಿ ಬಿ.ಎ. ಮುಗಿಸಿದರು. ಅವರ ಫೋಟೋ ಎಲ್ಲ ಎಂಜಿನಿಯರಿಂಗ್ ಕಾಲೇಜಿನಲ್ಲೂ ಇದೆ. ಆದರೆ ಫೋಟೋದಲ್ಲಿ ಕಾಣದ ಒಂದು ಸಂಗತಿ ಇದೆ. ತಂದೆ ತೀರಿಕೊಂಡಿದ್ದರು, ದುಡ್ಡಿರಲಿಲ್ಲ. ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಕಾಲೇಜು ಓದಿದರು. ಈಗಿನ ಮಾತಲ್ಲಿ ಹೇಳಿದರೆ ಪಾರ್ಟ್ ಟೈಮ್ ಜಾಬ್ ಮಾಡಿಕೊಂಡು ಡಿಗ್ರಿ ಮಾಡಿದ ಹುಡುಗ. ನಿಮ್ಮಲ್ಲಿ ಎಷ್ಟು ಜನ ಹಾಗಿದ್ದೀರಿ? ಕೈ ಎತ್ತಿ ನೋಡೋಣ.

(ಸುಮಾರು ಮೂರನೇ ಒಂದು ಪಾಲು ಕೈಗಳು ಮೇಲೆದ್ದವು. ನಾನು ಇಷ್ಟು ಅಂದುಕೊಂಡಿರಲಿಲ್ಲ. ಅಧ್ಯಾಪಕರೂ ಅಂದುಕೊಂಡಿರಲಿಲ್ಲ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.)

ನಾನು ಅರ್ಥಶಾಸ್ತ್ರದವನು, ಲೆಕ್ಕ ಹಾಕದೆ ಇದ್ದರೆ ನಿದ್ದೆ ಬರುವುದಿಲ್ಲ. ಒಂದು ಕ್ಲಾಸಿನಲ್ಲಿ 80 ಜನ. ಒಂದು ಹೆಸರು ಕೂಗಿ, "ಎಸ್ ಸಾರ್" ಕೇಳಿ, ಗುರುತು ಹಾಕಲು 3 ಸೆಕೆಂಡ್. ಒಟ್ಟು 4 ನಿಮಿಷ. ದಿನಕ್ಕೆ ಐದು ಪೀರಿಯಡ್ ಅಂದರೆ 20 ನಿಮಿಷ. ಒಂದು ಸೆಮಿಸ್ಟರ್‌ನಲ್ಲಿ 90 ದಿನ ಪಾಠ ನಡೆದರೆ 30 ಗಂಟೆ. ಒಂದು ಪೇಪರಿನ ಅರ್ಧ ಸಿಲಬಸ್ ಮುಗಿಯುವಷ್ಟು ಹೊತ್ತು ನಾವು ಹೆಸರು ಕೂಗುತ್ತಿರುತ್ತೇವೆ. ಅದೂ ಪ್ರಾಕ್ಸಿ ಕೊಡುವವರು ಇಲ್ಲದಿದ್ದರೆ. ನನ್ನ ಒಬ್ಬ ವಿದ್ಯಾರ್ಥಿ ಮೂರು ದನಿಯಲ್ಲಿ "ಎಸ್ ಸಾರ್" ಅನ್ನುತ್ತಿದ್ದ. ಮೂರನೆಯದು ಸ್ವಲ್ಪ ನೆಗಡಿಯಾದ ದನಿ. ಆ ಪ್ರತಿಭೆಗೆ ಕ್ರೆಡಿಟ್ ಕೊಡುವ ಕೋರ್ಸ್ ನಮ್ಮಲ್ಲಿ ಇರಲಿಲ್ಲ. ಈಗ ಬೆರಳಚ್ಚು ಯಂತ್ರ, ಮೊಬೈಲ್ ಆ್ಯಪ್ ಬಂದಿವೆ. ಹೊತ್ತು ಉಳಿಯಿತು, ನಿಜ. ಬೆರಳು ಒತ್ತಿ ಕ್ಯಾಂಟೀನಿಗೆ ಹೋಗುವುದು ಇನ್ನೂ ಸುಲಭವಾಯಿತು, ಅದೂ ನಿಜ.

ಇನ್ನೊಂದು ಮಾತು ಹೇಳಲೇಬೇಕು. ಬಾರದ ಹುಡುಗನಿಗೆ ಹಾಲ್ ಟಿಕೆಟ್ ಇಲ್ಲ. ಸರಿ, ಮೇಷ್ಟ್ರೇ ಇಲ್ಲದಿದ್ದರೆ? ನಮ್ಮ ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಿವೆ. ಅವು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಹೆಸರು ಅತಿಥಿ. ಕೆಲವರು ಹದಿನೈದು, ಇಪ್ಪತ್ತು ವರ್ಷದಿಂದ ಅತಿಥಿಗಳು. ಯಾವ ಮನೆಯಲ್ಲಿ ಅಷ್ಟು ವರ್ಷ ಅತಿಥಿಯಾಗಿ ಇಟ್ಟುಕೊಳ್ಳುತ್ತಾರೋ ಕಾಣೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಎಂದು ಅವರು ಪಾಠ ನಿಲ್ಲಿಸಿದರು. 2024ರ ಜನವರಿಯಲ್ಲಿ ಇದೇ ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದುಕೊಂಡು ಹೊರಟರು. ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಿದವರು ನಿಮ್ಮಲ್ಲೂ ಇರಬಹುದು. ಅವರ ಬೇಡಿಕೆ ನ್ಯಾಯವಾದದ್ದೇ. ನಾನು ಕೇಳುತ್ತಿರುವುದು ಬೇರೆ. ಅಷ್ಟು ದಿನ ಎಷ್ಟೋ ಕಾಲೇಜುಗಳ ಕೋಣೆಗಳು ಖಾಲಿ ಇದ್ದವಲ್ಲ, ಆ ಶಾರ್ಟೇಜ್ ಯಾರ ಹೆಸರಿನಲ್ಲಿ ಬರೆದರು? ನಡೆಯದ ಕ್ಲಾಸಿಗೆ ಹಾಜರಿಯೇ ಇಲ್ಲ, ಹಾಗಾಗಿ ಗೈರುಹಾಜರಿಯೂ ಇಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದೇ ಕಡೆಗೆ ಕಾಲಂ ಇದೆ.

ಇಷ್ಟು ಕೇಳಿದ ಮೇಲೆ ನಾನು ಹಾಜರಿಯನ್ನೇ ತೆಗೆದುಹಾಕಿ ಅನ್ನುತ್ತೇನೆ ಎಂದು ನಿಮಗೆ ಅನ್ನಿಸಿರಬಹುದು. ಹಿಂದಿನ ಬೆಂಚಿನಲ್ಲಿ ಮುಖಗಳು ಅರಳಿರುವುದು ಕಾಣುತ್ತಿದೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಂದುಕೊಂಡು ಮಾಡಿಯೂ ನೋಡಿದೆ.

ನಿವೃತ್ತಿಗೆ ಮೂರು ವರ್ಷ ಇತ್ತು. ಪದವಿಯ ಕೊನೆಯ ಸೆಮಿಸ್ಟರ್‌ನ ಹುಡುಗರು, 68 ಜನರ ಕ್ಲಾಸು. ಮೊದಲ ದಿನವೇ ಹೇಳಿದೆ. "ನಿಮ್ಮೆಲ್ಲರದೂ ಅಟೆಂಡೆನ್ಸ್ ಫುಲ್ ಅಂತ ತಿಳ್ಕೊಳ್ಳಿ. ಬೇಕು ಅನ್ನಿಸಿದರೆ ಬನ್ನಿ." ನಿಯಮದ ಪ್ರಕಾರ ತಪ್ಪು. ಈಗ ಪಿಂಚಣಿ ಬರುತ್ತಿದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಮೊದಲ ವಾರ ಕ್ಲಾಸು ತುಂಬಿತ್ತು. ಇದರಲ್ಲಿ ಏನೋ ಮೋಸ ಇದೆ ಎಂದು ನೋಡಲು ಬಂದಿದ್ದರು. ನಾಲ್ಕನೇ ವಾರಕ್ಕೆ 14 ಜನ. ಮಳೆ ಬಂದ ಒಂದು ದಿನ 9.

ನನಗೆ ನೋವಾಯಿತು. ಸುಳ್ಳು ಹೇಳುವುದಿಲ್ಲ, ತುಂಬಾ ನೋವಾಯಿತು. ಇಷ್ಟು ವರ್ಷ ನನ್ನ ಪಾಠ ಕೇಳಲು ಬರುತ್ತಿದ್ದಾರೆ ಅಂದುಕೊಂಡಿದ್ದೆ. ಬರುತ್ತಿದ್ದದ್ದು ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ. ಹಾಜರಿ ಪುಸ್ತಕ ಹುಡುಗರನ್ನು ಕಾಯುತ್ತದೆಯೋ ಇಲ್ಲವೋ, ಮೇಷ್ಟ್ರನ್ನಂತೂ ಚೆನ್ನಾಗಿ ಕಾಯುತ್ತದೆ. ಅದು ಇರುವವರೆಗೆ ನಮ್ಮ ಪಾಠ ಹೇಗಿದೆ ಅಂತ ನಮಗೇ ಗೊತ್ತಾಗುವುದಿಲ್ಲ.

ಹೋದವರು ಎಲ್ಲಿಗೆ ಹೋದರು ಅಂತ ವಿಚಾರಿಸಿದೆ. ಮೊದಲು ಬಿಟ್ಟುಹೋದವರು ಮೊದಲ ಬೆಂಚಿನವರು. ಅವರಿಗೆ ನೋಟ್ಸ್ ಸಾಕು. ಐದಾರು ಜನ ಲೈಬ್ರರಿಯಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ, ಪುಣ್ಯಾತ್ಮರು, ನನ್ನ ಕ್ಲಾಸಿನಲ್ಲಿ ಯಾವತ್ತೂ ಅಷ್ಟು ಗಮನ ಕೊಟ್ಟವರಲ್ಲ. ಇಬ್ಬರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಸೇರಿದ್ದರು. ಒಬ್ಬ ಮೊಬೈಲ್ ಅಂಗಡಿ. ಒಬ್ಬ ಊಟ ತಲುಪಿಸುವ ಬೈಕು. ಗುಬ್ಬಿ ಕಡೆಯ ಒಬ್ಬನ ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲ, ತೋಟಕ್ಕೆ ನೀರು ಬಿಡುವವರಿಲ್ಲ, ಕರೆಂಟು ಬರುವ ಹೊತ್ತಿಗೆ ಮೋಟರ್ ಹಾಕಬೇಕು. ಕೆಲವರು ಸುಮ್ನೆ ಮಲಗಿದ್ದರು. ಅದನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ. ಇಪ್ಪತ್ತನೇ ವಯಸ್ಸಿನಲ್ಲಿ ಬರುವ ನಿದ್ದೆ ಮತ್ತೆ ಬರುವುದಿಲ್ಲ.

ಇವರನ್ನೆಲ್ಲ ನೋಡಿದ ಮೇಲೂ ನಾನು ಮಾಡಿದ್ದು ಸರಿ ಅಂತಲೇ ಅನ್ನಿಸಿತ್ತು. ತಮ್ಮ ತಮ್ಮ ಲೆಕ್ಕ ತಾವು ಹಾಕಿಕೊಂಡಿದ್ದಾರೆ, ನನ್ನ ಕ್ಲಾಸು ಆ ಲೆಕ್ಕದಲ್ಲಿ ಸೋತಿದೆ, ಒಪ್ಪಿಕೊಳ್ಳಬೇಕು.

ಆಮೇಲೆ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಮಧುಗಿರಿ ಕಡೆಯವಳು. ಕ್ಲಾಸಿನಲ್ಲಿ ಮಾತಾಡಿದವಳೇ ಅಲ್ಲ. ಎರಡು ವಾರದಿಂದ ಕಂಡಿರಲಿಲ್ಲ. "ಏನಮ್ಮ?" ಅಂದೆ.

"ಸಾರ್, ನೀವು ಅಟೆಂಡೆನ್ಸ್ ಫುಲ್ ಅಂತ ಹೇಳಿದ್ದು ನಮ್ಮಪ್ಪಂಗೆ ಗೊತ್ತಾಗ್ಬಿಟ್ಟೈತೆ. ನಮ್ಮೂರ್ ಹುಡುಗ ಹೇಳ್ಬಿಟ್ಟ. 'ಹೋಗ್ದಿದ್ರೂ ನಡೀತದಂತಲ್ಲ, ಹುಣಸೆಹಣ್ಣು ಕುಟ್ಟಕ್ಕೆ ಆಳು ಸಿಕ್ತಿಲ್ಲ, ಮನೇಲಿರು' ಅಂತಾರೆ. ಒಂದು ಲೆಟರ್ ಕೊಡಿ ಸಾರ್. ಬರ್ಲೇಬೇಕು ಅಂತ."

ನಾನು ಕೂತಿದ್ದ ಕುರ್ಚಿ ಅಲ್ಲಾಡಿದ ಹಾಗಾಯಿತು. ಹುಣಸೆ ಸುಗ್ಗಿ ಅಂದರೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಮನೆ ಜಗುಲಿಯ ಮೇಲೆಲ್ಲ ಹಣ್ಣಿನ ರಾಶಿ. ಸಿಪ್ಪೆ ಬಿಡಿಸಿ, ಕುಟ್ಟಿ, ಬೀಜ ತೆಗೆದು ಮಾರ್ಕೆಟ್ಟಿಗೆ ತರಬೇಕು. ಆ ಕೆಲಸ ಮಾಡುವ ಕೈಗಳು ಯಾವುವು? ಹೆಂಗಸರ ಕೈ, ಹುಡುಗಿಯರ ಕೈ. ನಾನು ಬಹಳ ಉದಾರವಾಗಿ ಸ್ವಾತಂತ್ರ್ಯ ಕೊಟ್ಟಿದ್ದೆನಲ್ಲ, ಅದನ್ನು ಅವಳ ಮನೆಗೆ ತಲುಪುವ ದಾರಿಯಲ್ಲೇ ಅಪ್ಪ ಇಸಿದುಕೊಂಡಿದ್ದ.

ಅವಳಿಗೆ 75 ಪರ್ಸೆಂಟ್ ಅನ್ನುವುದು ಸರಪಳಿ ಆಗಿರಲಿಲ್ಲ, ಮನೆಯ ಬಾಗಿಲು ತೆರೆಯುವ ಬೀಗದ ಕೈ ಆಗಿತ್ತು. "ನಾನು ಹೋಗ್ತೀನಿ" ಅನ್ನುವ ಧೈರ್ಯ ಅವಳಿಗಿಲ್ಲ. "ಹೋಗದಿದ್ರೆ ಹಾಲ್ ಟಿಕೆಟ್ ಕೊಡಲ್ಲ" ಅನ್ನಬಹುದು. ಎರಡೂ ಒಂದೇ ಮಾತು, ಎರಡನೆಯದನ್ನು ಕಾಲೇಜಿನ ತಲೆಗೆ ಕಟ್ಟಬಹುದು, ಅಷ್ಟೇ ವ್ಯತ್ಯಾಸ.

ಅಲ್ಲೇ ಕೂತು ಲೆಟರ್ ಬರೆದೆ. ಕಾಲೇಜಿನ ಸೀಲು ಹಾಕಿಸಿದೆ. "ತಮ್ಮ ಮಗಳ ಹಾಜರಾತಿ ಶೇಕಡ 75ಕ್ಕಿಂತ ಕಡಿಮೆಯಾದಲ್ಲಿ ಪರೀಕ್ಷೆಗೆ ಕೂರಿಸಲಾಗುವುದಿಲ್ಲ." ನನ್ನ ವಾದಕ್ಕೆ ವಿರುದ್ಧವಾಗಿ ನಾನೇ ಬರೆದ ಕಾಗದ. ಅವಳು ವಾಪಸ್ ಬಂದಳು. ಆಮೇಲೆ ಇನ್ನೂ ಮೂವರು ಹುಡುಗಿಯರು ಅದೇ ಲೆಟರ್ ಕೇಳಿಕೊಂಡು ಬಂದರು. ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ.

ಅಲ್ಲಿಂದೀಚೆಗೆ ನಾನು ಈ ವಿಷಯ ಮಾತಾಡುವಾಗ ಒಂದನ್ನೇ ಕೇಳುತ್ತೇನೆ. ಆಯ್ಕೆ ಇರಲಿ ಅನ್ನುತ್ತೀರಲ್ಲ, ಕೊನೆಗೆ ಅದು ಯಾರ ಕೈಗೆ ಹೋಗುತ್ತದೆ? ಹುಡುಗ ತಾನೇ ಯೋಚಿಸಿ "ಈ ಕ್ಲಾಸು ನನಗೆ ಬೇಡ, ಲೈಬ್ರರಿಯಲ್ಲಿ ಓದಿಕೊಳ್ಳುತ್ತೇನೆ" ಅಂದರೆ ಅದು ಅವನ ಆಯ್ಕೆ. ಅಂಗಡಿ ಸಾಹುಕಾರ "ಇವತ್ತು ಕಾಲೇಜು ಬಿಡು, ಸ್ಟಾಕ್ ಬರುತ್ತೆ" ಅಂದರೆ ಅದು ಸಾಹುಕಾರನ ಆಯ್ಕೆ. ಹುಡುಗ ಗೈರುಹಾಜರಾದದ್ದು ಎರಡು ಕಡೆಯೂ ಒಂದೇ ಥರ ಕಾಣುತ್ತದೆ. ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು.

ದೊಡ್ಡ ವಿಶ್ವವಿದ್ಯಾಲಯಗಳ ಜಗಳ ಬೇರೆ ಥರದ್ದು. 2018ರ ಶುರುವಿನಲ್ಲಿ ದೆಹಲಿಯ ಜೆಎನ್‌ಯುನಲ್ಲಿ 75 ಪರ್ಸೆಂಟ್ ಕಡ್ಡಾಯ ಮಾಡಿದಾಗ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಸೇರಿ ವಿರೋಧಿಸಿದರು. ಅಲ್ಲಿ ಅದುವರೆಗೆ ಆ ಪದ್ಧತಿಯೇ ಇರಲಿಲ್ಲ. ಜರ್ಮನಿಯಲ್ಲಿ 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾದ ಮೇಲೆ ಕಲಿಸುವವರಿಗೂ ಕಲಿಯುವವರಿಗೂ ಸ್ವಾತಂತ್ರ್ಯ ಬೇಕು ಅನ್ನುವ ವಿಚಾರ ಬೇರೂರಿತು. ವಿದ್ಯಾರ್ಥಿ ತನಗೆ ಬೇಕಾದ ಪ್ರೊಫೆಸರ್ ಹತ್ತಿರ ಹೋಗಿ ಕೂರಬಹುದಿತ್ತು. ಓದಲು ಚೆನ್ನಾಗಿದೆ. ಆದರೆ ಬರ್ಲಿನ್‌ನ ಆ ಹುಡುಗನನ್ನು ಹುಣಸೆ ಕುಟ್ಟಲು ಯಾರೂ ಕರೆಯುತ್ತಿರಲಿಲ್ಲ. ಅಲ್ಲಿಗೆ ಬಹಳ ಕಾಲ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಲೂ ಇರಲಿಲ್ಲ.

ಎಂಜಿನಿಯರಿಂಗ್, ಮೆಡಿಕಲ್ ಬೇರೆ ಮಾತು. ವಿಟಿಯು 85 ಪರ್ಸೆಂಟ್ ಕೇಳುತ್ತದೆ. ಮೆಡಿಕಲ್‌ನಲ್ಲಿ ಪಾಠಕ್ಕೆ 75, ಪ್ರಾಕ್ಟಿಕಲ್‌ಗೆ 80. ಪ್ರಾಕ್ಟಿಕಲ್ ಬಿಡುವ ಆಯ್ಕೆ ನಾನಂತೂ ಕೊಡುವುದಿಲ್ಲ. ಸೂಜಿ ಚುಚ್ಚಿಸಿಕೊಳ್ಳುವವರು ನಾವು.

ಹಾಗಾದರೆ ನಾನು ಏನು ಮಾಡಿ ಅನ್ನುತ್ತೇನೆ? ಹಾಜರಿ ತೆಗೆದುಕೊಳ್ಳಿ. 75 ಅನ್ನುವುದೂ ಇರಲಿ, ಲೆಟರ್ ಬರೆಯಲು ಬೇಕಾಗುತ್ತದೆ. ಆದರೆ ಹಾಲ್ ಟಿಕೆಟ್ ತಡೆಯುವುದನ್ನು ಬಿಡಿ. 2016ರಲ್ಲಿ ದೆಹಲಿಯ ಒಬ್ಬ ಕಾನೂನು ವಿದ್ಯಾರ್ಥಿ ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದೆ ಜೀವ ಕಳೆದುಕೊಂಡ. ಆ ಪ್ರಕರಣದ ವಿಚಾರಣೆ ವರ್ಷಗಟ್ಟಲೆ ನಡೆಯಿತು. 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹಾಜರಿ ಸಾಲದು ಎಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು ಎಂದಿತು. ನ್ಯಾಯಾಲಯ ಹೇಳುವವರೆಗೆ ಕಾಯಬೇಕಿತ್ತಾ? ಒಬ್ಬ ಹುಡುಗ ಹತ್ತು ದಿನ ಬರಲಿಲ್ಲ ಅಂದರೆ ಹನ್ನೊಂದನೇ ದಿನ ಫೋನ್ ಮಾಡಿ "ಯಾಕಪ್ಪ, ಏನಾಯ್ತು?" ಎಂದು ಕೇಳುವವರು ಬೇಕು. ನಾವು ತೊಂಬತ್ತು ದಿನ ಸುಮ್ಮನಿದ್ದು ತೊಂಬತ್ತೊಂದನೇ ದಿನ ನೋಟಿಸ್ ಹಾಕುತ್ತೇವೆ.

"ಹಾಲ್ ಟಿಕೆಟ್ ಭಯ ಇಲ್ಲ ಅಂದ ಮೇಲೆ ನಿಮ್ಮ ಲೆಟರ್‌ಗೆ ಬೆಲೆ ಎಲ್ಲಿ?" ಅಂತ ಯಾರಾದರೂ ಕೇಳಬೇಕು. ಕೇಳುತ್ತೀರಿ ಅಂತ ಗೊತ್ತು. ಪೋಷಕರು ಇಲ್ಲೇ ಕೂತಿದ್ದೀರಿ, ನಿಮ್ಮ ಮುಂದೆಯೇ ಗುಟ್ಟು ಬಿಟ್ಟುಕೊಡುತ್ತಿದ್ದೇನೆ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಸ್ಕಾಲರ್‌ಶಿಪ್‌ಗೆ ಹಾಜರಿ ಬೇಕು ಅನ್ನುವುದನ್ನು ಉಳಿಸಿಕೊಳ್ಳಬಹುದು. ದುಡ್ಡಿನ ಮಾತು ಅಪ್ಪಂದಿರಿಗೆ ಬೇಗ ಅರ್ಥವಾಗುತ್ತದೆ. ಮೊದಲ ವರ್ಷ ಬಿಗಿಯಾಗಿ ಇಟ್ಟು, ಕೊನೆಯ ವರ್ಷಕ್ಕೆ ಸಡಿಲ ಬಿಡಬಹುದು. ಪಿಯುಸಿಯಿಂದ ಈಗಷ್ಟೇ ಬಂದ ಹುಡುಗನಿಗೆ ಯಾವ ಮೇಷ್ಟ್ರು ಹೇಗೆ ಅನ್ನುವುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಆರಿಸುವುದು ಲಾಟರಿ. ಕೊನೆಯ ವರ್ಷದವನಿಗೆ ಎಲ್ಲ ಗೊತ್ತು, ನಮಗಿಂತ ಚೆನ್ನಾಗಿ ಗೊತ್ತು. ಇನ್ನು ಪಕ್ಕದ ಕೋಣೆಯಲ್ಲಿ ಕೂತವನಿಗೆ ಅಲ್ಲೇ ಹಾಜರಿ ಕೊಡಿ. ಇದು ನನ್ನ ಹಳೆಯ ಸಿಟ್ಟು. ಯಾರದೋ ಕ್ಲಾಸಿನಲ್ಲಿ ಕೂತು ಏನೋ ಕೇಳಿಸಿಕೊಂಡ ಅಂದರೆ ವಿಶ್ವವಿದ್ಯಾಲಯಕ್ಕೆ ನಷ್ಟ ಏನು?

ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರ ಹೆಸರು ಕೇಳಿದ್ದೀರಿ. ಬಸ್ಸಿಗೆ ದುಡ್ಡಿಲ್ಲದೆ 1935ರಲ್ಲಿ ಊರಿಂದ ಬೆಂಗಳೂರಿಗೆ ನಡೆದುಕೊಂಡು ಹೋಗಿ ಹೈಸ್ಕೂಲು ಸೇರಿದವರು. ಅಂಥ ಹುಡುಗನಿಗೆ ಹಾಜರಿ ಯಾರು ಹಾಕಬೇಕು ಹೇಳಿ! ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬಾಗೇಪಲ್ಲಿ, ಗೌರಿಬಿದನೂರಿನಂಥ ಕಡೆ ಕಾಲೇಜು ತೆರೆದರು. ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ವಾರಕ್ಕೊಂದು ಉಪನ್ಯಾಸ. ಯಾರು ಬೇಕಾದರೂ ಬರಬಹುದು. ಹಾಜರಿಯೂ ಇಲ್ಲ, ಇಂಟರ್ನಲ್ಸೂ ಇಲ್ಲ. ದಶಕಗಟ್ಟಲೆ ನಡೆಯಿತು, ಜನ ಬಂದರು. ನಾನೂ ಒಂದೆರಡು ಸಲ ರೈಲು ಹತ್ತಿ ಹೋಗಿ ಕೂತಿದ್ದೇನೆ. ಅರ್ಥವಾದದ್ದು ಕಾಲು ಭಾಗ. ಎದ್ದು ಬರಬೇಕು ಅನ್ನಿಸಲಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಕೆಲವು ಪ್ರಶ್ನೆ ಬಂದವು. ಒಬ್ಬ ಪೋಷಕರು "ಮಕ್ಕಳ್ನ ಹಾಳು ಮಾಡೋ ಮಾತಾಡ್ತಿದ್ದೀರಿ" ಎಂದರು. ಇರಬಹುದು ಎಂದೆ. ಒಬ್ಬ ಹುಡುಗ ಆನ್‌ಲೈನ್ ಕೋರ್ಸಿನ ಕ್ರೆಡಿಟ್ ಬಗ್ಗೆ ಕೇಳಿದ. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದ ಕೋರ್ಸುಗಳಿಂದ ಒಂದು ಸೆಮಿಸ್ಟರ್‌ನ 40 ಪರ್ಸೆಂಟ್ ಕ್ರೆಡಿಟ್‌ವರೆಗೆ ಪಡೆಯಲು ಯುಜಿಸಿ 2021ರಲ್ಲೇ ಅವಕಾಶ ಕೊಟ್ಟಿದೆ, ನಿಮ್ಮ ಕಾಲೇಜು ಒಪ್ಪುತ್ತದೆಯೇ ಎಂದು ಆಫೀಸಿನಲ್ಲಿ ಕೇಳು ಎಂದೆ. ಕೊನೆಗೆ ಮಧ್ಯದ ಸಾಲಿನಿಂದ ಒಬ್ಬ ಹುಡುಗಿ ಎದ್ದಳು.)

"ಸಾರ್, ನಂದು ಕೊರಟಗೆರೆ ಕಡೆ. ನನಗೆ ಕ್ಲಾಸಿಗೆ ಬರೋದೇನೂ ಕಷ್ಟ ಇಲ್ಲ. ಒಂದೂವರೆಗೆ ಕ್ಲಾಸ್ ಮುಗಿಯುತ್ತೆ. ನಮ್ಮೂರ ಬಸ್ಸು ನಾಲ್ಕೂವರೆಗೆ. ಎರಡಕ್ಕೆ ಲೈಬ್ರರಿ ಬಾಗ್ಲು ಹಾಕ್ತಾರೆ, ರೂಮೆಲ್ಲ ಬೀಗ. ಬಸ್ ಸ್ಟ್ಯಾಂಡಲ್ಲಿ ಮೂರು ಗಂಟೆ ಕೂರಕ್ಕಾಗಲ್ಲ. ಎಲ್ಲಿ ಕೂತ್ಕೋಬೇಕು ಅಂತ ಹೇಳ್ತೀರಾ?"

ನಾನು ಪ್ರಾಂಶುಪಾಲರ ಕಡೆ ನೋಡಿದೆ. ಅವರು ಎದ್ದು ನಿಂತು, ಲೈಬ್ರರಿಯನ್ ಒಬ್ಬರೇ ಇದ್ದಾರೆ, ವಾರದಲ್ಲಿ ಮೂರು ದಿನ ಬೇರೆ ಕಾಲೇಜಿಗೆ ಡೆಪ್ಯುಟೇಶನ್ ಎಂದರು. ಆಮೇಲೆ ತಾವೇ, "ಓದೋ ರೂಮನ್ನಾದ್ರೂ ನಾಲ್ಕೂವರೆವರೆಗೆ ತೆಗೆದಿಡಬಹುದು. ಇವತ್ತಿಂದಲೇ ಮಾಡೋಣ" ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಬೀಗದ ಕೈ ತರಲು ಒಬ್ಬರನ್ನು ಕಳಿಸಿದರು. ಕೈ ಅಟೆಂಡರ್ ಹತ್ತಿರ ಇತ್ತು. ಅಟೆಂಡರ್ ಅವತ್ತು ಬಂದಿರಲಿಲ್ಲ.